ಎಐ ಅಸಿಸ್ಟೆಂಟಿಗೆ ನಿಮ್ಮ ಕೋಡಿನ ರಚನೆಯನ್ನು ತಿಳಿಸಿಕೊಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಪುಣೆಯ ಹಿಂಜವಡಿ, ಖರಾಡಿ, ನವಿ ಮುಂಬಯಿಯ ಐರೋಲಿ ಮುಂತಾದ ಕಡೆ ದುಡಿಯುವ ಕನ್ನಡದ ಮಿತ್ರರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಲ್ಲರೂ ಎಡವುವ ಜಾಗ ಬಹುಮಟ್ಟಿಗೆ ಒಂದೇ. ಮೊದಲು ಒಂದು ವೆಕ್ಟರ್ ಡೇಟಾಬೇಸ್ (ಪಠ್ಯವನ್ನು ಸಂಖ್ಯೆಗಳಾಗಿಸಿಟ್ಟು ಹೋಲಿಕೆಯಿಂದ ಹುಡುಕುವ ಭಂಡಾರ) ನಿಲ್ಲಿಸುತ್ತಾರೆ, ಕಡತಗಳನ್ನು ಇಷ್ಟು ಸಾಲಿಗೊಂದು ತುಂಡು ಎಂದು ಕತ್ತರಿಸಿ ಅದರೊಳಗೆ ಸುರಿಯುತ್ತಾರೆ, ಅಸಿಸ್ಟೆಂಟಿಗೆ ಜೋಡಿಸುತ್ತಾರೆ. ಆಮೇಲೆ ‘ಈ ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆ’ ಎಂದು ಕೇಳಿದರೆ ಅದು ಅರ್ಧ ಪಟ್ಟಿಯನ್ನು ಪೂರ್ತಿ ಆತ್ಮವಿಶ್ವಾಸದಿಂದ ಒಪ್ಪಿಸುತ್ತದೆ. ವೆಕ್ಟರ್ ಹುಡುಕಾಟ ‘ಇದರಂತೆ ಕಾಣುವುದು ಯಾವುದು’ ಎಂಬುದಕ್ಕೆ ಉತ್ತರ ಕೊಡುವ ಸಾಧನ. ‘ಇದನ್ನು ಕರೆಯುವವರು ಯಾರು’ ಎಂಬುದಕ್ಕಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುಗುಮುರುಗು: ಮೊದಲು ವ್ಯಾಖ್ಯೆಗಳು (ಯಾವ ಫಂಕ್ಷನ್, ಕ್ಲಾಸ್ ಎಲ್ಲಿ ಬರೆದಿದೆ ಎಂಬುದು), ಆಮೇಲೆ ಸಂಬಂಧಗಳು (ಯಾವುದು ಯಾವುದನ್ನು ಕರೆಯುತ್ತದೆ ಎಂಬುದು), ಆಮೇಲೆ ಅಸಿಸ್ಟೆಂಟಿನ ಕೈಗೆ ಕೊಡುವ ಉಪಕರಣಗಳು, ಕಟ್ಟಕಡೆಗೆ ಬೇಕೆನಿಸಿದರೆ ವೆಕ್ಟರ್.

ಉದಾಹರಣೆಗೆ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ತಂತ್ರಾಂಶವನ್ನು ಇಟ್ಟುಕೊಳ್ಳೋಣ. ಪೈಥಾನಿನಲ್ಲಿ ಬರೆದದ್ದು, ಹಲವರ ಕೈ ದಾಟಿ ಬಂದದ್ದು, ಅಲ್ಲಲ್ಲಿ ಮರಾಠಿ ಟಿಪ್ಪಣಿಗಳಿರುವುದು. ಊಟದ ವಿಭಾಗ, ಪಾರ್ಸೆಲ್ ಮತ್ತು ಕೇಟರಿಂಗ್ ಎಂಬ ಮೂರು ಮಾಡ್ಯೂಲುಗಳಲ್ಲೂ ‘ಕ್ಯಾಲ್ಕ್_ಟ್ಯಾಕ್ಸ್’ ಎಂಬ ಒಂದೇ ಹೆಸರಿನ ಫಂಕ್ಷನ್ ಇದೆ. ಊರಿನ ಅರ್ಧಕ್ಕರ್ಧ ಹಳೆಯ ಕೋಡು ಇದೇ ಸ್ಥಿತಿಯಲ್ಲಿರುವುದರಿಂದ ಈ ಉದಾಹರಣೆ ಸಾಕು.

## ಬೇಕಾಗುವ ಸಾಮಗ್ರಿ

ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ), ರಿಪ್‌ಗ್ರೆಪ್ (ಕಡತಗಳಲ್ಲಿ ಪಠ್ಯ ಹುಡುಕುವ ಸಾಧನ), ಟ್ರೀ-ಸಿಟ್ಟರ್ (ಕೋಡಿನ ರಚನೆಯನ್ನು ಬಿಡಿಸುವ ಪಾರ್ಸರ್) ಮತ್ತು ನಿಮ್ಮ ಪ್ರೋಗ್ರಾಮಿಂಗ್ ಭಾಷೆಗೆ ತಕ್ಕ ಅದರ ವ್ಯಾಕರಣ, ಆ ಭಾಷೆಯ ಒಂದು ಲ್ಯಾಂಗ್ವೇಜ್ ಸರ್ವರ್, ಅಂದರೆ ಯಾವ ಹೆಸರು ಯಾವ ವ್ಯಾಖ್ಯೆಯದ್ದು ಎಂದು ಎಡಿಟರಿಗೆ ತಿಳಿಸುವ ಪ್ರೋಗ್ರಾಮ್ (ಪೈಥಾನಿಗೆ ಪೈರೈಟ್, ಗೋ ಭಾಷೆಗೆ ಗೋಪ್ಲ್ಸ್, ರಸ್ಟ್‌ಗೆ ರಸ್ಟ್-ಅನಲೈಸರ್, ಸಿ++ಗೆ ಕ್ಲ್ಯಾಂಗ್‌ಡಿ), ಮತ್ತು ಒಂದೇ ಕಡತದಲ್ಲಿ ಕುಳಿತುಕೊಳ್ಳುವ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್. ಇಷ್ಟರಲ್ಲಿ ಯಾವುದಕ್ಕೂ ಹಣ ಕೊಡಬೇಕಿಲ್ಲ. ಎಲ್ಲವೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಗ್ರಾಫ್ ಡೇಟಾಬೇಸ್ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಕೆಲವು ಲಕ್ಷ ಸಾಲುಗಳ ಯೋಜನೆಗೆ ಎಸ್‌ಕ್ಯೂಲೈಟಿನ ಎರಡು ಕೋಷ್ಟಕಗಳು ಧಾರಾಳವಾಗಿ ಸಾಲುತ್ತವೆ.

## ಹಂತ 1: ಪ್ರಶ್ನೆಗಳನ್ನು ಮೊದಲು ಬರೆದಿಡಿ

ಒಂದು ಸಾಲು ಕೋಡು ಬರೆಯುವ ಮೊದಲು, ನಿಮ್ಮ ತಂಡ ಈ ಕೋಡಿನ ಬಗ್ಗೆ ನಿಜವಾಗಿ ಕೇಳುವ ಹತ್ತು ಹದಿನೈದು ಪ್ರಶ್ನೆಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸರಿಯುತ್ತರವನ್ನು ಕೈಯಿಂದಲೇ ಹುಡುಕಿ ಪಕ್ಕದಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅವು ಹೀಗಿರಬಹುದು: ಪಾರ್ಸೆಲ್ ವಿಭಾಗದ ‘ಕ್ಯಾಲ್ಕ್_ಟ್ಯಾಕ್ಸ್’ ಅನ್ನು ಯಾವ ಯಾವ ಕಡತಗಳು ಕರೆಯುತ್ತವೆ? ‘ಬಿಲ್ಸ್’ ಕೋಷ್ಟಕದ ಒಂದು ಕಾಲಮ್ಮಿನ ಹೆಸರು ಬದಲಿಸಿದರೆ ಯಾವ ವರದಿಗಳು ಕೆಡುತ್ತವೆ? ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಕೆಲಸ ಎಲ್ಲಿ ನಡೆಯುತ್ತದೆ?

ಮೊದಲನೆಯದು ಶುದ್ಧ ಸಂಬಂಧದ ಪ್ರಶ್ನೆ. ಎರಡನೆಯದೂ ಸಂಬಂಧದ್ದೇ, ಆದರೆ ಅದು ಡೇಟಾಬೇಸನ್ನು ಕೇಳುವ ಎಸ್‌ಕ್ಯೂಎಲ್ ವಾಕ್ಯಗಳ ಒಳಗೆ ಅಡಗಿರುವುದರಿಂದ ಭಾಷೆಯ ಪಾರ್ಸರಿಗೆ ಕಾಣುವುದಿಲ್ಲ. ಮೂರನೆಯದು ಅರ್ಥದ ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ ಯಾವ ಬಗೆಯವು ಹೆಚ್ಚು ಎಂಬುದರ ಮೇಲೆ ಮುಂದಿನ ಹಂತಗಳಲ್ಲಿ ಎಲ್ಲಿಯವರೆಗೆ ಹೋಗಬೇಕೆಂಬುದು ನಿರ್ಧಾರವಾಗುತ್ತದೆ. ಈ ಹಂತವನ್ನು ಬಿಟ್ಟವರಿಗೆ ಕೊನೆಯಲ್ಲಿ ತಾವು ಕಟ್ಟಿದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳಲು ಅಳತೆಗೋಲೇ ಇರುವುದಿಲ್ಲ.

## ಹಂತ 2: ಯಾವುದು ಒಳಗೆ, ಯಾವುದು ಹೊರಗೆ

ಗಿಟ್ ತಿಳಿದಿರುವ ಕಡತಗಳ ಪಟ್ಟಿಯಿಂದ ಆರಂಭಿಸಿ. ಡೈರೆಕ್ಟರಿಯನ್ನು ನೇರವಾಗಿ ಜಾಲಾಡಬೇಡಿ. ಆದರೆ ಗಿಟ್ ಯಾವುದನ್ನು ಬಿಡಬೇಕೆಂದು ಪಟ್ಟಿ ಮಾಡುವ ಗಿಟ್‌ಇಗ್ನೋರ್ ಒಂದನ್ನೇ ನಂಬುವುದೂ ಸಾಲದು, ಏಕೆಂದರೆ ಯಂತ್ರವೇ ಹುಟ್ಟಿಸಿದ ಕಡತಗಳನ್ನು, ಕುಗ್ಗಿಸಿದ ಜಾವಾಸ್ಕ್ರಿಪ್ಟನ್ನು, ಎಂದೋ ನಕಲಿಸಿ ತಂದಿಟ್ಟ ಹೊರಗಿನ ಲೈಬ್ರರಿಗಳನ್ನು ಕಮಿಟ್ ಮಾಡಿರುವ ಯೋಜನೆಗಳು ಬೇಕಾದಷ್ಟಿವೆ. ಒಂದೇ ಸಾಲು ಸಾವಿರಾರು ಅಕ್ಷರ ಉದ್ದವಿರುವ ಕಡತ ಕಂಡರೆ ಅದು ಮನುಷ್ಯ ಬರೆದದ್ದಲ್ಲ, ಹೊರಗಿಡಿ.

ಸೇವಾ ಕಂಪನಿಗಳಲ್ಲಿ ಇರುವವರು ಇಲ್ಲೇ ನಿಂತು ಇನ್ನೊಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು. ಕೋಡು ಗ್ರಾಹಕರದ್ದು. ಪಾರ್ಸ್ ಮಾಡುವುದು, ಸೂಚಿ (ವ್ಯಾಖ್ಯೆ, ಸಂಬಂಧಗಳ ಇಂಡೆಕ್ಸ್) ಕಟ್ಟುವುದು ನಿಮ್ಮ ಯಂತ್ರದಲ್ಲೇ ನಡೆಯುತ್ತದೆ, ಏನೂ ಹೊರಗೆ ಹೋಗುವುದಿಲ್ಲ. ಆದರೆ ಅಸಿಸ್ಟೆಂಟು ಓದುವ ಪ್ರತಿ ತುಣುಕೂ, ಹೊರಗಿನ ಸೇವೆಯಿಂದ ಎಂಬೆಡಿಂಗ್ (ವೆಕ್ಟರ್ ಹುಡುಕಾಟಕ್ಕಾಗಿ ಕೋಡನ್ನು ಸಂಖ್ಯೆಗಳಾಗಿಸುವುದು) ಮಾಡಿಸುವುದಾದರೆ ಇಡೀ ಕೋಡೂ, ಬೇರೆಯವರ ಸರ್ವರಿಗೆ ತಲುಪುತ್ತದೆ. ಇದಕ್ಕೆ ಲಿಖಿತ ಅನುಮತಿ ಇರಬೇಕು. ಪಾಸ್‌ವರ್ಡು, ಕೀಲಿಗಳಿರುವ ಕಡತಗಳಂತೂ ಅನುಮತಿ ಇದ್ದರೂ ಸೂಚಿಯೊಳಗೆ ಬರಕೂಡದು.

## ಹಂತ 3: ವ್ಯಾಖ್ಯೆಗಳನ್ನು ಹೊರತೆಗೆಯಿರಿ

ಟ್ರೀ-ಸಿಟ್ಟರ್ ಪ್ರತಿ ಕಡತವನ್ನೂ ಓದಿ ಸಿಂಟ್ಯಾಕ್ಸ್ ಟ್ರೀ (ಕೋಡಿನ ರಚನೆಯ ಮರ) ಕಟ್ಟಿಕೊಡುತ್ತದೆ. ಕೋಡಿನಲ್ಲಿ ದೋಷವಿದ್ದರೂ ಅದು ಕೈಚೆಲ್ಲುವುದಿಲ್ಲ, ಕೆಟ್ಟ ಭಾಗಕ್ಕೆ ‘ಎರರ್’ ಎಂಬ ನೋಡ್ ಹಾಕಿ ಮುಂದೆ ಸಾಗುತ್ತದೆ. ಅರ್ಧ ಬರೆದ ಕೋಡಿನ ಮೇಲೆ ಅಸಿಸ್ಟೆಂಟ್ ಕೆಲಸ ಮಾಡುವಾಗ ಈ ಗುಣವೇ ನಮಗೆ ಬೇಕಾದದ್ದು. ಪ್ರತಿ ಫಂಕ್ಷನ್, ಕ್ಲಾಸ್, ಮೆಥಡ್, ಮೇಲ್ಮಟ್ಟದ ಸ್ಥಿರಾಂಕಕ್ಕೆ ಮೊದಲ ಕೋಷ್ಟಕದಲ್ಲಿ ಒಂದು ದಾಖಲೆ ಮಾಡಿ: ಕಡತದ ಹಾದಿ, ಪೂರ್ಣ ಹೆಸರು, ಬಗೆ, ಆರಂಭ ಮತ್ತು ಅಂತ್ಯದ ಸಾಲು, ಸಿಗ್ನೇಚರ್ (ಹೆಸರು ಮತ್ತು ಪ್ಯಾರಾಮೀಟರುಗಳ ಸಾಲು), ಮೇಲಿನ ಟಿಪ್ಪಣಿಯ ಮೊದಲ ಸಾಲು.

ದಾಖಲೆಯ ಗುರುತು ಏನಿರಬೇಕು ಎಂಬಲ್ಲಿ ಬಹಳ ಮಂದಿ ತಪ್ಪುತ್ತಾರೆ. ಬರಿಯ ಹೆಸರನ್ನು ಗುರುತಾಗಿಸಿದರೆ ಮೂರು ‘ಕ್ಯಾಲ್ಕ್_ಟ್ಯಾಕ್ಸ್’ಗಳು ಒಂದರ ಮೇಲೊಂದು ಕುಳಿತು ಕೊನೆಯದು ಮಾತ್ರ ಉಳಿಯುತ್ತದೆ. ಹೆಸರಿನ ಜೊತೆ ಸಾಲಿನ ಸಂಖ್ಯೆಯನ್ನು ಸೇರಿಸಿದರೆ, ಮೇಲೆ ಒಂದು ಖಾಲಿ ಸಾಲು ಬಂದರೂ ಕೆಳಗಿನ ಗುರುತುಗಳೆಲ್ಲ ಬದಲಾಗಿ ಸಂಬಂಧಗಳು ಹರಿಯುತ್ತವೆ. ಹಾದಿ, ಹೊರಗಿನ ಕ್ಲಾಸ್ ಸಮೇತದ ಪೂರ್ಣ ಹೆಸರು ಮತ್ತು ಬಗೆ, ಈ ಮೂರನ್ನು ಸೇರಿಸಿ ಗುರುತು ಮಾಡಿ. ಸಾಲಿನ ಸಂಖ್ಯೆ ಬರಿಯ ಮಾಹಿತಿಯಾಗಿ ಇರಲಿ. ಒಂದೇ ಹೆಸರಿನ ಓವರ್‌ಲೋಡ್‌ಗಳಿರುವ ಜಾವಾ, ಸಿ++ನಂತಹ ಭಾಷೆಗಳಲ್ಲಿ ಪ್ಯಾರಾಮೀಟರುಗಳ ಟೈಪನ್ನೂ ಸೇರಿಸಬೇಕು.

ನಮ್ಮ ಕಡೆಯ ಕೋಡಿಗೆ ವಿಶೇಷವಾಗಿ ತಟ್ಟುವ ಒಂದು ತೊಡಕು ಸ್ಥಾನದ ಲೆಕ್ಕದಲ್ಲಿದೆ. ಟ್ರೀ-ಸಿಟ್ಟರ್ ಕಾಲಮ್ಮನ್ನು ಬೈಟುಗಳಲ್ಲಿ ಎಣಿಸುತ್ತದೆ. ಲ್ಯಾಂಗ್ವೇಜ್ ಸರ್ವರುಗಳು, ಬೇರೆ ಒಪ್ಪಂದ ಆಗದಿದ್ದರೆ, ಯುಟಿಎಫ್-16 ಘಟಕಗಳಲ್ಲಿ ಎಣಿಸುತ್ತವೆ. ಬಿಲ್ಲಿನ ಕೊನೆಯಲ್ಲಿ ಮೊತ್ತದ ಪಕ್ಕ ಮುದ್ರಿಸುವ ‘ಏಕೂಣ್’ ಎಂಬ ಮರಾಠಿ ಪದವನ್ನು ನಾಗರಿ ಲಿಪಿಯಲ್ಲಿ ಬರೆದರೆ ಅದು ಯುಟಿಎಫ್-8ರಲ್ಲಿ 12 ಬೈಟು, ಯುಟಿಎಫ್-16ರಲ್ಲಿ 4 ಘಟಕ. ಅದೇ ಸಾಲಿನಲ್ಲಿ ಆ ಪದದ ಬಲಕ್ಕೆ ಇರುವ ಫಂಕ್ಷನ್ ಕರೆಯ ಸ್ಥಾನ ಎರಡು ಲೆಕ್ಕಗಳಲ್ಲಿ 8ರಷ್ಟು ಹಿಂದೆಮುಂದೆಯಾಗುತ್ತದೆ. ನೀವು ‘ಇಲ್ಲಿರುವುದರ ವ್ಯಾಖ್ಯೆ ಎಲ್ಲಿ’ ಎಂದು ಕೇಳಿದರೆ ಸರ್ವರ್ ಇನ್ನಾವುದೋ ಪದದ ವ್ಯಾಖ್ಯೆ ತೋರಿಸುತ್ತದೆ ಅಥವಾ ಏನೂ ಇಲ್ಲ ಎನ್ನುತ್ತದೆ. ಹೋಲಿಸುವ ಮೊದಲು ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿಕೊಳ್ಳಿ. ಫಂಕ್ಷನ್ನಿನ ಪಠ್ಯವನ್ನು ಕತ್ತರಿಸುವಾಗಲೂ ಅಷ್ಟೆ: ಬೈಟ್ ಸ್ಥಾನಗಳನ್ನು ಬೈಟುಗಳ ಮೇಲೆಯೇ ಅನ್ವಯಿಸಿ, ಆಮೇಲೆ ಪಠ್ಯವಾಗಿಸಿ. ಟ್ರೀ-ಸಿಟ್ಟರ್, ಲ್ಯಾಂಗ್ವೇಜ್ ಸರ್ವರ್ ಎರಡೂ ಸಾಲುಗಳನ್ನು ಸೊನ್ನೆಯಿಂದ ಎಣಿಸುತ್ತವೆ, ನಿಮ್ಮ ಎಡಿಟರ್ ಮತ್ತು ರಿಪ್‌ಗ್ರೆಪ್ ಒಂದರಿಂದ ಎಣಿಸುತ್ತವೆ ಎಂಬುದೂ ನೆನಪಿರಲಿ.

ಅಪಾಯದ ಸೂಚನೆ: ಪ್ರತಿ ಕಡತದ ಎರರ್ ನೋಡ್‌ಗಳನ್ನು ಎಣಿಸಿ. ಸರಿಯಾಗಿ ಓಡುತ್ತಿರುವ ಕಡತವೊಂದರಲ್ಲಿ ಅವು ಹೆಚ್ಚಿದ್ದರೆ ತಪ್ಪು ಕೋಡಿನದ್ದಲ್ಲ. ನೀವು ಹಾಕಿದ ವ್ಯಾಕರಣ ಆ ಭಾಷೆಯ ಬೇರೆ ಆವೃತ್ತಿಯದ್ದು, ಇಲ್ಲವೇ ಟೈಪ್‌ಸ್ಕ್ರಿಪ್ಟಿನ ವ್ಯಾಕರಣವನ್ನು ಟಿಎಸ್‌ಎಕ್ಸ್ ಕಡತಕ್ಕೆ ಹಚ್ಚಿದ್ದೀರಿ.

## ಹಂತ 4: ಸಂಬಂಧಗಳನ್ನು ಕಟ್ಟಿ

ಈ ಕೆಲಸದ ತಿರುಳು ಇಲ್ಲಿದೆ. ಹೆಚ್ಚು ಸಮಯವನ್ನೂ ಇಲ್ಲೇ ಇಡಿ. ಎರಡನೆಯ ಕೋಷ್ಟಕದಲ್ಲಿ ಪ್ರತಿ ಸಾಲೂ ಒಂದು ಸಂಬಂಧ: ಎಲ್ಲಿಂದ, ಎಲ್ಲಿಗೆ, ಯಾವ ಬಗೆ (ಕರೆಯುತ್ತದೆ, ಇಂಪೋರ್ಟ್ ಮಾಡುತ್ತದೆ, ಆನುವಂಶಿಕವಾಗಿ ಪಡೆಯುತ್ತದೆ, ಪರೀಕ್ಷಿಸುತ್ತದೆ), ಯಾವ ಸಾಲಿನಲ್ಲಿ, ಎಷ್ಟು ಖಚಿತ.

ಟ್ರೀ-ಸಿಟ್ಟರ್ ‘ಇಲ್ಲಿ ಕ್ಯಾಲ್ಕ್_ಟ್ಯಾಕ್ಸ್ ಎಂಬ ಹೆಸರನ್ನು ಕರೆಯಲಾಗಿದೆ’ ಎಂದಷ್ಟೇ ಹೇಳಬಲ್ಲದು. ಮೂರರಲ್ಲಿ ಯಾವುದು ಎಂಬುದು ಅದಕ್ಕೆ ತಿಳಿಯದು, ಏಕೆಂದರೆ ಅದು ಒಂದೊಂದೇ ಕಡತವನ್ನು ಬಿಡಿಯಾಗಿ ನೋಡುತ್ತದೆ. ಅದನ್ನು ಬಿಡಿಸಿ ಹೇಳುವ ಕೆಲಸ ಲ್ಯಾಂಗ್ವೇಜ್ ಸರ್ವರಿನದ್ದು. ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತಗೊಳಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಮೂಲತಃ ಎಡಿಟರುಗಳಿಗಾಗಿ ಹುಟ್ಟಿದರೂ, ವ್ಯಾಖ್ಯೆಗೆ ಹೋಗು, ಉಲ್ಲೇಖಗಳನ್ನು ಹುಡುಕು, ಕರೆಗಳ ಶ್ರೇಣಿ ತೋರಿಸು ಎಂಬ ಅದರ ವಿನಂತಿಗಳು ನಮಗೆ ಬೇಕಾದದ್ದನ್ನೇ ಕೊಡುತ್ತವೆ. ಹೆಸರು ಸಿಕ್ಕ ಪ್ರತಿ ಜಾಗದಲ್ಲೂ ಸರ್ವರನ್ನು ಕೇಳಿ, ಉತ್ತರ ಬಂದರೆ ಆ ಸಂಬಂಧಕ್ಕೆ ‘ಖಚಿತ’ ಎಂದು, ಬಾರದೆ ಹೆಸರಿನ ಹೋಲಿಕೆಯ ಮೇಲೆ ಮಾತ್ರ ಜೋಡಿಸಿದ್ದಾದರೆ ‘ಊಹೆ’ ಎಂದು ಗುರುತು ಹಾಕಿ. ಈ ಒಂದು ಕಾಲಮ್ಮನ್ನು ದಯವಿಟ್ಟು ಬಿಡಬೇಡಿ.

ಸರ್ವರ್ ಸರಿಯಾಗಿ ಉತ್ತರಿಸಬೇಕಾದರೆ ಅದಕ್ಕೆ ಯೋಜನೆ ಅರ್ಥವಾಗಿರಬೇಕು. ಪೈಥಾನಿಗೆ ಸರಿಯಾದ ವರ್ಚುವಲ್ ಎನ್ವಿರಾನ್‌ಮೆಂಟ್ ತೋರಿಸಬೇಕು, ಕ್ಲ್ಯಾಂಗ್‌ಡಿಗೆ ಕಂಪೈಲ್ ಆದೇಶಗಳ ಜೇಸನ್ ಕಡತ ಕೊಡಬೇಕು, ಜಾವಾ ಯೋಜನೆಯಾದರೆ ಅದರ ಬಿಲ್ಡ್ ಯಶಸ್ವಿಯಾಗಿ ಲೋಡ್ ಆಗಿರಬೇಕು. ಜೊತೆಗೆ, ಶುರುವಾದೊಡನೆ ಕೇಳಬಾರದು. ಸರ್ವರ್ ತನ್ನ ಒಳಸೂಚಿ ಕಟ್ಟಿ ಮುಗಿಸುವ ಮೊದಲು ಕೇಳಿದರೆ ತಪ್ಪು ಎಂದು ಹೇಳದೆ ಖಾಲಿ ಪಟ್ಟಿ ಕೊಡಬಹುದು, ನೀವು ಅದನ್ನೇ ಸತ್ಯವೆಂದು ಬರೆದುಕೊಳ್ಳುತ್ತೀರಿ. ‘ಯಾರೂ ಕರೆಯುವುದಿಲ್ಲ’ ಎಂಬ ಫಂಕ್ಷನ್‌ಗಳು ಅಸಹಜವಾಗಿ ಹೆಚ್ಚಿದ್ದರೆ ಮೊದಲು ಇದನ್ನೇ ಶಂಕಿಸಿ.

ಇನ್ನು ಸ್ವಭಾವತಃ ಯಾವ ಪಾರ್ಸರಿಗೂ ಕಾಣದ ಸಂಬಂಧಗಳು. ಹೋಟೆಲ್ ಊಟದ ಮೇಲಿನ ಜಿಎಸ್‌ಟಿ 2017ರ ಜುಲೈಯಿಂದ ಎಸಿ ಇಲ್ಲದ ಕಡೆ ಶೇ. 12, ಎಸಿ ಇರುವ ಕಡೆ ಶೇ. 18 ಇದ್ದದ್ದು, ಅದೇ ವರ್ಷ ನವೆಂಬರ್ 15ರಿಂದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲದ ಶೇ. 5ಕ್ಕೆ ಇಳಿಯಿತು. ಹಳೆಯ ಬಿಲ್ಲನ್ನು ಮರುಮುದ್ರಿಸುವಾಗ ಹಳೆಯ ದರವೇ ಬೇಕಾದ್ದರಿಂದ, ನಮ್ಮ ತಂತ್ರಾಂಶದಲ್ಲಿ ಆ ದರಗಳ ಫಂಕ್ಷನ್‌ಗಳು ಉಳಿದುಕೊಂಡಿವೆ ಎನ್ನೋಣ. ಅವನ್ನು ಕರೆಯುವುದು ಬಿಲ್ಲಿನ ದಿನಾಂಕದಿಂದ ಹೆಸರನ್ನು ಕಟ್ಟಿ, ಆ ಹೆಸರಿನ ಮೂಲಕ ಫಂಕ್ಷನ್ನನ್ನು ಹುಡುಕುವ ಒಂದೇ ಒಂದು ಸಾಲು. ಸೂಚಿಯ ಪ್ರಕಾರ ಅವನ್ನು ಯಾರೂ ಕರೆಯುವುದಿಲ್ಲ. ‘ಬಳಕೆಯಲ್ಲಿಲ್ಲದ ಕೋಡನ್ನು ತೆಗೆ’ ಎಂದರೆ ಅಸಿಸ್ಟೆಂಟ್ ಮೊದಲು ತೆಗೆಯುವುದೇ ಅವನ್ನು, ಪರೀಕ್ಷೆಗಳೂ ಹಸಿರಾಗಿಯೇ ಉಳಿಯುತ್ತವೆ; ಲೆಕ್ಕಪರಿಶೋಧಕರು ಹಳೆಯ ಬಿಲ್ ಕೇಳಿದ ದಿನ ವಿಷಯ ಹೊರಬೀಳುತ್ತದೆ.

ಇಂತಹ ಜಾಗಗಳಿಗೆ ಕೈಯಿಂದ ನಿಯಮ ಬರೆಯಬೇಕು. ಹೆಸರಿನ ಮೂಲಕ ಫಂಕ್ಷನ್ ಹುಡುಕುವ ಸಾಲುಗಳು, ವೆಬ್ ರೂಟುಗಳನ್ನು ನೋಂದಾಯಿಸುವ ಡೆಕೊರೇಟರುಗಳು, ಸ್ಪ್ರಿಂಗ್‌ನಂತಹ ಚೌಕಟ್ಟುಗಳ ಅನೋಟೇಷನ್‌ಗಳು, ಎಸ್‌ಕ್ಯೂಎಲ್ ವಾಕ್ಯಗಳಲ್ಲಿನ ಕೋಷ್ಟಕದ ಹೆಸರುಗಳು: ಇವುಗಳಿಗೆ ಒಂದೊಂದು ಪುಟ್ಟ ಕ್ವೆರಿ ಬರೆದು ‘ಪರೋಕ್ಷ’ ಎಂಬ ಬಗೆಯ ಸಂಬಂಧಗಳನ್ನು ಸೇರಿಸಿ. ಎಲ್ಲವನ್ನೂ ಹಿಡಿಯಲಾಗದು, ಹಂತ 1ರ ಪ್ರಶ್ನೆಗಳಿಗೆ ಬೇಕಾದಷ್ಟು ಹಿಡಿದರೆ ಸಾಕು.

ಸರಣಿಯಾಗಿ ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಎಸ್‌ಕ್ಯೂಲೈಟಿನ ರಿಕರ್ಸಿವ್ ಕ್ವೆರಿಯಿಂದ ಪಡೆಯಬಹುದು. ಕೋಡಿನಲ್ಲಿ ಸುತ್ತುಕರೆಗಳು (ಒಂದು ಇನ್ನೊಂದನ್ನು, ಅದು ಮತ್ತೆ ಮೊದಲನೆಯದನ್ನು ಕರೆಯುವುದು) ಇದ್ದೇ ಇರುತ್ತವೆ. ‘ಯೂನಿಯನ್’ ಬಳಸಿದರೆ ಪುನರಾವರ್ತನೆಗಳು ತಾವಾಗಿ ಕಳೆಯುತ್ತವೆ ಎಂದು ನಂಬಿ, ಜೊತೆಗೆ ಆಳದ ಕಾಲಮ್ಮನ್ನೂ ಇಟ್ಟುಕೊಂಡರೆ, ಪ್ರತಿ ಸುತ್ತಿನಲ್ಲೂ ಆಳ ಬೇರೆಯಾಗುವುದರಿಂದ ಯಾವ ಸಾಲೂ ಪುನರಾವರ್ತನೆ ಎನಿಸದೆ ಕ್ವೆರಿ ಮುಗಿಯುವುದೇ ಇಲ್ಲ. ಆಳಕ್ಕೆ ಸ್ಪಷ್ಟ ಮಿತಿ ಹಾಕಿ. ಮೂರು ನಾಲ್ಕು ಮಟ್ಟ ದಾಟಿದ ಮಾಹಿತಿ ಅಸಿಸ್ಟೆಂಟಿಗೆ ಉಪಯೋಗಕ್ಕಿಂತ ಗೊಂದಲವೇ ಹೆಚ್ಚು.

## ಹಂತ 5: ಚಿಕ್ಕದೊಂದು ನಕ್ಷೆ

ಸಂಭಾಷಣೆಯ ಆರಂಭದಲ್ಲಿ ಅಸಿಸ್ಟೆಂಟಿಗೆ ಇಡೀ ಯೋಜನೆಯ ಒಂದು ನೋಟ ಬೇಕು, ಆದರೆ ಇಡೀ ಯೋಜನೆ ಬೇಡ. ಕಡತದ ಹೆಸರು, ಅದರೊಳಗಿನ ಮುಖ್ಯ ಸಿಗ್ನೇಚರುಗಳು, ಅಷ್ಟೆ; ಒಳಗಿನ ಕೋಡು ಇರಕೂಡದು. ಯಾವುದು ಮುಖ್ಯ ಎಂಬುದನ್ನು ಸಂಬಂಧಗಳ ಕೋಷ್ಟಕವೇ ಹೇಳುತ್ತದೆ: ಹೆಚ್ಚು ಕಡೆಯಿಂದ ಉಲ್ಲೇಖಗೊಂಡದ್ದು ಮೇಲೆ. ಏಡರ್ ಎಂಬ ಮುಕ್ತ ಸಾಧನ ಟ್ರೀ-ಸಿಟ್ಟರಿನಿಂದ ತೆಗೆದ ಸಂಬಂಧಗಳಿಗೆ ಪೇಜ್‌ರ್‍ಯಾಂಕ್ (ಉಲ್ಲೇಖಗಳಿಂದ ಪ್ರಾಮುಖ್ಯ ಅಳೆಯುವ ಲೆಕ್ಕ) ಹಚ್ಚಿ, ಕೊಟ್ಟ ಟೋಕನ್ (ಅಸಿಸ್ಟೆಂಟ್ ಪಠ್ಯವನ್ನು ಓದುವ ತುಣುಕುಗಳ ಘಟಕ) ಮಿತಿಯೊಳಗೆ ಹಿಡಿಯುವಷ್ಟನ್ನು ಮಾತ್ರ ಕೊಡುವುದೂ ಇದೇ ತತ್ವದ ಮೇಲೆ.

ಒಂದೆರಡು ಸಾವಿರ ಟೋಕನ್‌ಗಳಿಂದ ಆರಂಭಿಸಿ. ನಾಗರಿ ಅಥವಾ ಕನ್ನಡ ಲಿಪಿಯ ಟಿಪ್ಪಣಿಗಳು ಅದೇ ಉದ್ದದ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ನುಂಗುವುದರಿಂದ ಅವನ್ನು ನಕ್ಷೆಯಲ್ಲಿ ಸೇರಿಸಬೇಡಿ.

## ಹಂತ 6: ಉಪಕರಣಗಳನ್ನು ಅಸಿಸ್ಟೆಂಟಿನ ಕೈಗೆ ಕೊಡಿ

ಆಂಥ್ರೊಪಿಕ್ 2024ರ ನವೆಂಬರಿನಲ್ಲಿ ಪ್ರಕಟಿಸಿದ, ಹೊರಗಿನ ಉಪಕರಣಗಳನ್ನು ಅಸಿಸ್ಟೆಂಟಿಗೆ ಜೋಡಿಸುವ ಎಂಸಿಪಿ ಪ್ರೋಟೋಕಾಲ್ ಈಗ ಬಹುತೇಕ ಎಲ್ಲ ಅಸಿಸ್ಟೆಂಟುಗಳಿಗೂ ಅರ್ಥವಾಗುತ್ತದೆ, ಹಾಗಾಗಿ ಒಂದು ಎಂಸಿಪಿ ಸರ್ವರ್ ಬರೆದರೆ ಸಾಕು. ಉಪಕರಣಗಳು ನಾಲ್ಕೈದು ಮೀರದಿರಲಿ: ಹೆಸರಿನಿಂದ ವ್ಯಾಖ್ಯೆ ಹುಡುಕು, ಅದರ ಕೋಡು ತೋರಿಸು, ಇದನ್ನು ಕರೆಯುವವರು, ಇದು ಕರೆಯುವ ಫಂಕ್ಷನ್‌ಗಳು, ಕಡತದ ರೂಪರೇಖೆ. ಇಪ್ಪತ್ತು ಉಪಕರಣ ಕೊಟ್ಟರೆ ಯಾವುದನ್ನು ಆರಿಸಬೇಕೆಂಬುದೇ ಅದಕ್ಕೊಂದು ಸಮಸ್ಯೆಯಾಗುತ್ತದೆ. ಡೇಟಾಬೇಸಿಗೆ ನೇರವಾಗಿ ಕ್ವೆರಿ ಬರೆಯಲು ಬಿಡುವುದು ಆಕರ್ಷಕವಾಗಿ ಕಂಡರೂ ಆರಂಭದಲ್ಲಿ ಬೇಡ.

ಉತ್ತರದ ಆಕಾರಕ್ಕೆ ಉಪಕರಣದಷ್ಟೇ ಗಮನ ಕೊಡಿ. ಪ್ರತಿ ಸಾಲಿನಲ್ಲೂ ಹಾದಿ, ಒಂದರಿಂದ ಎಣಿಸಿದ ಸಾಲಿನ ಸಂಖ್ಯೆ, ಖಚಿತವೋ ಊಹೆಯೋ ಎಂಬುದು ಇರಬೇಕು. ಪಟ್ಟಿ ದೊಡ್ಡದಿದ್ದರೆ ಮೊದಲ ಮೂವತ್ತನ್ನು ಕೊಟ್ಟು ‘ಒಟ್ಟು ಇಷ್ಟಿವೆ’ ಎಂದು ಹೇಳಿ; ಹೇಳದೆ ಕತ್ತರಿಸಿದರೆ ಅದು ಮೂವತ್ತೇ ಇವೆ ಎಂದು ನಂಬುತ್ತದೆ. ‘ಕ್ಯಾಲ್ಕ್_ಟ್ಯಾಕ್ಸ್’ ಎಂದಷ್ಟೇ ಕೇಳಿದಾಗ ಮೂರರಲ್ಲಿ ಒಂದನ್ನು ನೀವೇ ಆರಿಸಿ ಕೊಡಬೇಡಿ. ಮೂರರ ಪೂರ್ಣ ಹೆಸರನ್ನೂ ಮುಂದಿಟ್ಟು ಆರಿಸಿಕೊಳ್ಳಲು ಬಿಡಿ. ಖಾಲಿ ಉತ್ತರದ ಜಾಗದಲ್ಲಿ ‘ನೇರ ಕರೆಗಳು ಸಿಗಲಿಲ್ಲ, ಪರೋಕ್ಷ ಕರೆಗಳಿರಬಹುದು, ಪಠ್ಯ ಹುಡುಕಾಟದಿಂದಲೂ ನೋಡಿ’ ಎಂಬ ವಾಕ್ಯ ಬರಲಿ. ಜಿಎಸ್‌ಟಿ ಉದಾಹರಣೆಯ ಅನಾಹುತವನ್ನು ತಡೆಯುವುದು ಈ ವಾಕ್ಯವೇ.

ಸಾಮಾನ್ಯ ತಪ್ಪು: ಸರ್ವರ್ ಸ್ಟ್ಯಾಂಡರ್ಡ್ ಇನ್‌ಪುಟ್-ಔಟ್‌ಪುಟ್ ಮೂಲಕ ಮಾತನಾಡುವಾಗ, ಕೋಡಿನಲ್ಲಿ ಎಲ್ಲೋ ಒಂದು ಪ್ರಿಂಟ್ ಸಾಲು ಉಳಿದಿದ್ದರೆ ಅದು ಪ್ರೋಟೋಕಾಲಿನ ಸಂದೇಶಗಳ ನಡುವೆ ತೂರಿ ಸಂಪರ್ಕವನ್ನೇ ಕೆಡಿಸುತ್ತದೆ. ಲಾಗ್‌ಗಳೆಲ್ಲ ಸ್ಟ್ಯಾಂಡರ್ಡ್ ಎರರಿಗೆ ಹೋಗಲಿ. ‘ನನ್ನ ಸರ್ವರ್ ಜೋಡಣೆಯೇ ಆಗುತ್ತಿಲ್ಲ’ ಎನ್ನುವವರಿಗೆ ನಾನು ಮೊದಲು ಹೇಳುವುದು ಆ ಪ್ರಿಂಟ್ ಹುಡುಕಿ ಎಂದು.

## ಹಂತ 7: ಸೂಚನಾ ಕಡತ

ಉಪಕರಣ ಇದ್ದ ಮಾತ್ರಕ್ಕೆ ಅಸಿಸ್ಟೆಂಟ್ ಅದನ್ನು ಬಳಸುವುದಿಲ್ಲ; ಅಭ್ಯಾಸಬಲದಿಂದ ಪಠ್ಯ ಹುಡುಕಾಟಕ್ಕೇ ಹೋಗುತ್ತದೆ. ಯೋಜನೆಯ ಮೂಲ ಡೈರೆಕ್ಟರಿಯಲ್ಲಿ ‘ಏಜೆಂಟ್ಸ್.ಎಂಡಿ’ ಅಥವಾ ನಿಮ್ಮ ಅಸಿಸ್ಟೆಂಟ್ ಓದುವ ಹೆಸರಿನ ಕಡತವಿಟ್ಟು, ಯಾವಾಗ ಏನು ಬಳಸಬೇಕೆಂದು ಆದೇಶರೂಪದಲ್ಲಿ ಬರೆಯಿರಿ: ಸಿಗ್ನೇಚರ್ ಬದಲಿಸುವ ಮೊದಲು ಕರೆಯುವವರ ಪಟ್ಟಿ ತೆಗೆ, ‘ಊಹೆ’ ಎಂದಿರುವ ಸಂಬಂಧವನ್ನು ಕೋಡು ಓದಿ ಖಚಿತಪಡಿಸಿಕೊ, ಕರೆಗಳಿಲ್ಲ ಎಂಬ ಕಾರಣ ಒಂದರಿಂದಲೇ ಏನನ್ನೂ ಅಳಿಸಬೇಡ. ಒಂದು ಪುಟ ಮೀರಬೇಡಿ. ತಂತ್ರಾಂಶದ ವಿನ್ಯಾಸದ ಪ್ರಬಂಧವನ್ನು ಇದರೊಳಗೆ ಸೇರಿಸುವ ಆಸೆಯನ್ನು ತಡೆದುಕೊಳ್ಳಿ.

## ಹಂತ 8: ಸೂಚಿ ಹಳಸದಂತೆ ನೋಡಿಕೊಳ್ಳಿ

ಹಳಸಿದ ಸೂಚಿ ಇರುವುದಕ್ಕಿಂತ ಸೂಚಿಯೇ ಇಲ್ಲದಿರುವುದು ವಾಸಿ, ಏಕೆಂದರೆ ಇಲ್ಲದಿದ್ದರೆ ಅಸಿಸ್ಟೆಂಟ್ ಕನಿಷ್ಠ ಕಡತವನ್ನಾದರೂ ತೆರೆದು ನೋಡುತ್ತದೆ. ಪ್ರತಿ ಕಡತದ ಹ್ಯಾಶನ್ನು (ಒಳಗಿನ ಪಠ್ಯ ಬದಲಾದರೆ ತಾನೂ ಬದಲಾಗುವ ಸಂಕೇತ) ದಾಖಲಿಸಿ, ಬದಲಾದವನ್ನು ಮಾತ್ರ ಮತ್ತೆ ಪಾರ್ಸ್ ಮಾಡಿ. ಕಮಿಟ್ ಮಾಡಿದಾಗ ತಾನಾಗಿ ಓಡುವ ಕಮಿಟ್ ಹುಕ್ ಒಂದೇ ಸಾಲದು. ಅಸಿಸ್ಟೆಂಟ್ ತಾನೇ ಹತ್ತು ನಿಮಿಷದ ಹಿಂದೆ ಬದಲಿಸಿದ, ಇನ್ನೂ ಕಮಿಟ್ ಆಗದ ಕಡತವೇ ಹೆಚ್ಚಾಗಿ ಅದರ ಮುಂದಿನ ಪ್ರಶ್ನೆಯ ವಿಷಯವಾಗಿರುತ್ತದೆ. ಪ್ರತಿ ಉತ್ತರಕ್ಕೆ ಮೊದಲು ಸಂಬಂಧಪಟ್ಟ ಕಡತಗಳ ಹ್ಯಾಶನ್ನು ಒಮ್ಮೆ ತಾಳೆ ನೋಡುವುದು ಸುರಕ್ಷಿತ.

ಇಲ್ಲಿ ಕಾಣದೆ ಉಳಿಯುವ ಒಂದು ಬಿರುಕಿದೆ. ಕಡತ ಬದಲಾದಾಗ ಅದರಿಂದ ಹೊರಡುವ ಸಂಬಂಧಗಳನ್ನು ಅಳಿಸಿ ಮತ್ತೆ ಕಟ್ಟುವುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಫಂಕ್ಷನ್ನಿನ ಹೆಸರೇ ಬದಲಾದರೆ, ಬದಲಾಗದ ಬೇರೆ ಕಡತಗಳಿಂದ ಅದರತ್ತ ಬರುತ್ತಿದ್ದ ಸಂಬಂಧಗಳು ಇಲ್ಲದ ಗುರುತಿನತ್ತ ಬೊಟ್ಟು ಮಾಡುತ್ತ ಉಳಿಯುತ್ತವೆ. ಅಳಿದ ಗುರುತನ್ನು ತೋರುತ್ತಿರುವ ಸಾಲುಗಳನ್ನೆಲ್ಲ ಹೆಕ್ಕಿ, ಅವುಗಳ ಮೂಲ ಕಡತಗಳನ್ನೂ ಮರುಪರಿಶೀಲನೆಯ ಸರದಿಗೆ ಸೇರಿಸಿ. ಬ್ರಾಂಚ್ ಬದಲಿಸಿದಾಗ ನೂರಾರು ಕಡತ ಒಟ್ಟಿಗೆ ಬದಲಾಗುವುದರಿಂದ ಆಗ ಪೂರ್ತಿ ಮರುಕಟ್ಟುವುದೇ ಸರಳ.

## ಹಂತ 9: ಅಳೆಯಿರಿ, ಆಮೇಲೆ ವೆಕ್ಟರಿನ ಮಾತು

ಹಂತ 1ರ ಪ್ರಶ್ನೆಗಳನ್ನು ಎರಡು ಬಾರಿ ಕೇಳಿ: ಒಮ್ಮೆ ಉಪಕರಣಗಳಿಲ್ಲದೆ, ಒಮ್ಮೆ ಉಪಕರಣಗಳೊಂದಿಗೆ, ಎರಡೂ ಸಲ ಹೊಸ ಸಂಭಾಷಣೆಯಲ್ಲಿ. ಉತ್ತರ ಸರಿಯೇ ಎಂಬುದರ ಜೊತೆಗೆ ಅದು ಎಷ್ಟು ಕಡತ ತೆರೆಯಿತು, ಎಷ್ಟು ಟೋಕನ್ ವ್ಯಯಿಸಿತು ಎಂಬುದನ್ನೂ ಬರೆದುಕೊಳ್ಳಿ. ಸಂಬಂಧದ ಪ್ರಶ್ನೆಗಳಲ್ಲಿ ಸುಧಾರಣೆ ಕಾಣದಿದ್ದರೆ ಹಂತ 4ಕ್ಕೆ ಹಿಂದಿರುಗಿ. ಉಪಕರಣವನ್ನು ಕರೆದೇ ಇಲ್ಲವಾದರೆ ಹಂತ 7ಕ್ಕೆ.

ಪೈಸೆ ಸರಿಹೊಂದಿಸುವ ಕೆಲಸ ಎಲ್ಲಿದೆ ಎಂಬಂತಹ ಅರ್ಥದ ಪ್ರಶ್ನೆಗಳು ಮಾತ್ರ ಇನ್ನೂ ತಪ್ಪುತ್ತಿದ್ದರೆ ಆಗ ವೆಕ್ಟರ್ ಹುಡುಕಾಟ ಸೇರಿಸಬಹುದು. ಆಗಲೂ ತುಂಡುಗಳು ಹಂತ 3ರ ವ್ಯಾಖ್ಯೆಗಳ ಗಡಿಯಲ್ಲೇ ಕತ್ತರಿಸಲ್ಪಡಲಿ, ಪ್ರತಿ ತುಂಡಿಗೂ ಅದೇ ಗುರುತು ಅಂಟಿರಲಿ. ಹಾಗಿದ್ದಾಗ ಹೋಲಿಕೆಯಿಂದ ಸಿಕ್ಕಿದ ಫಂಕ್ಷನ್ನಿನಿಂದ ನೇರವಾಗಿ ಅದನ್ನು ಕರೆಯುವವರತ್ತ ಹೋಗಲು ಅಸಿಸ್ಟೆಂಟಿಗೆ ದಾರಿ ಇರುತ್ತದೆ. ಸೇರಿಸಿದ ಮೇಲೆ ಅದೇ ಪ್ರಶ್ನೆಪಟ್ಟಿಯನ್ನು ಇನ್ನೊಮ್ಮೆ ಓಡಿಸಿ. ಅಂಕ ಮೇಲೇರದಿದ್ದರೆ ವೆಕ್ಟರ್ ಭಾಗವನ್ನು ಕಿತ್ತುಹಾಕಿ.